ಇಳಿತದ ಹೊತ್ತಿಗೆ ಬರುವ ಫೋನು

ನಾವು ತಿನ್ನದ ಮೀನಿಗೆ ನಮ್ಮ ಕಡೆ ಹೆಸರಿಲ್ಲ. ಬಂಗುಡೆ, ಬೂತಾಯಿ, ಕಾಣೆ, ಅಂಜಲ್ ಎಂದು ಹೆಸರು ಹಿಡಿದು ಕರೆಯುವುದು ಸಾರಿಗೆ ಬೀಳುವವರನ್ನು ಮಾತ್ರ. ಸುರತ್ಕಲ್ಲಿನ ದೀಪಸ್ತಂಭದ ಕೆಳಗೆ, ಕಪ್ಪು ಬಂಡೆಗಳ ನಡುವಿನ ಹೊಂಡಗಳಲ್ಲಿ ಒಂದು ಮೀನು ಇದೆ. ಬೆರಳುದ್ದ, ಕೆಸರಿನ ಬಣ್ಣ, ದೊಡ್ಡ ತಲೆ, ಉಬ್ಬಿದ ಕೆನ್ನೆ, ಸದಾ ಯಾರ ಮೇಲೋ ಮುನಿಸಿಕೊಂಡಂಥ ಮುಖ. ಅಮ್ಮನನ್ನು ಕೇಳಿದರೆ, ಅದೆಂತದ್ದೋ ಕಲ್ಲಿನ ಮೀನು, ಬೆಕ್ಕೂ ಮೂಸುವುದಿಲ್ಲ ಎನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಪುಸ್ತಕದಲ್ಲಿ ಅದರ ಬಳಗಕ್ಕೆ ಗೋಬಿ ಎಂದು ಹೆಸರು. ಆ ಪದ ನನ್ನ ಬಾಯಿಂದ ಬಿದ್ದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರಾದರೂ ಮಂಚೂರಿ ಎನ್ನುವುದು, ಉಳಿದವರು ನಗುವುದು, ನಾನು ಸೀಮೆಸುಣ್ಣ ಎಸೆಯುವುದು ಪ್ರತಿ ವರ್ಷದ ಸಂಪ್ರದಾಯ. ಹಾಗಾಗಿ ನಾನೂ ಅಮ್ಮನ ಹಾಗೆ ಕಲ್ಲಿನ ಮೀನು ಎಂದೇ ಕರೆಯುತ್ತೇನೆ.

ಈ ಮೀನಿನ ಎದುರು ಕುಳಿತು ನಾನು ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ನಗಬೇಡಿ. ನನ್ನ ಗಂಡನಿಗೆ ಹೂಳೆತ್ತುವ ಹಡಗಿನಲ್ಲಿ ಕೆಲಸ. ಬಂದರಿನ ಕಾಲುವೆಯಲ್ಲಿ ಮಣ್ಣು ತುಂಬಿ ಹಡಗುಗಳ ತಳ ತಾಗುವಂತಾದಾಗ ಈ ಡ್ರೆಜ್ಜರ್ ಬರುತ್ತದೆ. ಉದ್ದನೆಯ ಪೈಪನ್ನು ಸಮುದ್ರದ ತಳಕ್ಕೆ ಇಳಿಸಿ, ಕೆಸರನ್ನು ನೀರಿನ ಸಮೇತ ಹೀರಿ ಹೊಟ್ಟೆ ತುಂಬಿಕೊಂಡು, ದೂರದ ಆಳಕ್ಕೆ ಹೋಗಿ ಕಕ್ಕಿ ಬರುತ್ತದೆ. ಆ ಪೈಪು ಇಳಿಸುವ ಕೆಲಸ ನಮ್ಮವರದು. ಗಲ್ಫಿನ ಬಂದರುಗಳ ತಳವನ್ನೆಲ್ಲ ಕೆರೆದು ಬಂದವರು. ಮನೆಯ ಬಾವಿಕಟ್ಟೆಯ ಚರಂಡಿ ಕಟ್ಟಿಕೊಂಡರೆ ಮಾತ್ರ ನಾನೇ ಕೈ ಹಾಕಬೇಕು.

ನಾವಿರುವುದು ನನ್ನ ತಾಯಿಯ ಮನೆಯಲ್ಲಿ. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿದು ಬರುತ್ತದೆ, ಗಂಡಂದಿರು ಬಂದು ಹೋಗುವವರು. ನನ್ನ ಗಂಡನ ತಾಯಿಯ ಮನೆ ಪಡೀಲಿನಲ್ಲಿದೆ, ಅದು ಈಗ ಅವರ ಅಕ್ಕನದು. ನಮ್ಮ ಮನೆಯದು ಕೆಂಪುಕಲ್ಲಿನ ದಪ್ಪ ಗೋಡೆ, ಮೊಬೈಲಿನ ಸಿಗ್ನಲ್ ಒಳಗೆ ಬರುವುದಿಲ್ಲ. ಅಂಗಳದಲ್ಲಿ ಬರುತ್ತದೆ, ಆದರೆ ಅಂಗಳದಲ್ಲಿ ಅಮ್ಮ ಇರುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು ಫೋನು ಮಾಡಿದರೆ ನಾನು "ಹೂಂ", "ಊಟ ಆಯ್ತು", "ಮಳೆ ಇಲ್ಲ" ಎಂದು ಮೂರು ಮಾತಿನಲ್ಲಿ ಮುಗಿಸುತ್ತಿದ್ದೆ. ಆಚೆಯಿಂದ ಅವರೂ ಅಷ್ಟೇ. ಇಬ್ಬರೂ ಅಮ್ಮನಿಗೆ ಹವಾಮಾನ ವರದಿ ಒಪ್ಪಿಸಿದ ಹಾಗೆ.

ದಾರಿ ಹುಡುಕಿದ್ದು ಅವರು. ಇಳಿತದ ಹೊತ್ತಿಗೆ ನಾನು ಬಕೆಟು, ಬಲೆಚೀಲ ಹಿಡಿದು ಕಲ್ಲಿನ ಮೇಲೆ ಹೋಗುತ್ತೇನೆ, ಕಾಲೇಜಿಗೆ ಬೇಕಾದ ಏಡಿ, ಶಂಖ ಹುಡುಕಲಿಕ್ಕೆ ಎಂದು ಒಮ್ಮೆ ಹೇಳಿದ್ದೆ. ಅವರ ಕೆಲಸವೇ ಉಬ್ಬರ-ಇಳಿತ ನೋಡಿ ನಡೆಯುವಂಥದ್ದು. ಯಾವ ಊರಿನ ಸಮುದ್ರ ಯಾವಾಗ ಇಳಿಯುತ್ತದೆ ಎಂಬ ಲೆಕ್ಕ ಹಡಗಿನಲ್ಲಿ ಸಿಗುತ್ತದೆ. ಮರುವಾರ ನಾನು ಕಲ್ಲಿನ ತುದಿಯ ಹೊಂಡಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದೆ, ನೀರು ಪೂರ್ತಿ ಇಳಿದಿತ್ತು, ಫೋನು ಬಂತು. "ಈಗ ಅಮ್ಮ ಇಲ್ಲ ಅಲ್ವಾ?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಸಾವಿರಾರು ಮೈಲಿ ಆಚೆ ಕುಳಿತು ಒಬ್ಬ ಮನುಷ್ಯ ನನ್ನ ಊರಿನ ಸಮುದ್ರ ಇಳಿಯುವುದನ್ನು ಕಾಯುತ್ತಿದ್ದಾನಲ್ಲ ಎಂದು.

ಅಂದಿನಿಂದ ಅದು ನಮ್ಮ ಕೋಣೆಯಾಯಿತು. ಜಗಳ ಆಡಿದ್ದು ಅಲ್ಲಿ, ರಾಜಿಯಾದದ್ದು ಅಲ್ಲಿ. ಬಸಿರಾದ ಸುದ್ದಿ ಹೇಳಿದ್ದು ಅಲ್ಲಿಂದಲೇ. ಆ ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ನನಗೇ ಬುದ್ಧಿ ಹೇಳುತ್ತಾಳೆ. ಇಷ್ಟೆಲ್ಲ ಕೇಳಿಸಿಕೊಂಡದ್ದು ಹೊಂಡದೊಳಗಿನ ಮೀನು ಒಂದೇ. ಅವರು ಫೋನಿನಲ್ಲಿ ಮೊದಲು ಕೇಳುವುದೇ "ನಮ್ಮವ ಹೇಗಿದ್ದಾನೆ?" ಎಂದು. ಈ ಮೀನಿಗೆ ಎರಡು ಮೂರು ವರ್ಷದ ಆಯುಷ್ಯ ಅಷ್ಟೇ, ಇವ ಹೊಸಬ, ಹಿಂದಿನವ ಹೋದ ಎಂದು ನಾನು ಶಾಸ್ತ್ರ ಹೇಳಿದರೆ, "ಇರ್ಲಿ ಮಾರಾಯ್ತಿ, ಹೊಂಡ ಅದೇ ಅಲ್ವಾ, ನಮ್ಮವನೇ" ಎನ್ನುತ್ತಿದ್ದರು. ಅವರ ಪಾಲಿಗೆ ಇಪ್ಪತ್ತು ವರ್ಷವೂ ಒಂದೇ ಮೀನು.

ಆದರೆ ಆ ಹೊಂಡವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ರಜೆ ಸಿಗುತ್ತಿದ್ದದ್ದು ಜೂನ್-ಜುಲೈಯಲ್ಲಿ. ಒಳ್ಳೆಯ ತಿಂಗಳುಗಳನ್ನೆಲ್ಲ ಮೇಲಿನವರು ಹಂಚಿಕೊಂಡು ಉಳಿದದ್ದನ್ನು ಇವರ ತಟ್ಟೆಗೆ ಬಡಿಸುತ್ತಿದ್ದರು. ಆ ಎರಡು ತಿಂಗಳು ನಮ್ಮ ಕಲ್ಲುಗಳು ತೆರೆಯ ಕೆಳಗೆ. ದೀಪಸ್ತಂಭದ ಬುಡದಲ್ಲಿ ಕೊಡೆ ಹಿಡಿದು ನಿಂತು, ಬಿಳಿ ನೊರೆಯ ಕಡೆಗೆ ಬೆರಳು ತೋರಿಸಿ, ಅಗೋ ಅಲ್ಲಿ, ಆ ದೊಡ್ಡ ತೆರೆ ಒಡೆಯುತ್ತದಲ್ಲ, ಅದರ ಕೆಳಗೆ ಎಂದು ನಾನು ಹೇಳುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೂ ಫೋನಿನಲ್ಲಿ ಮಾತಾಡಿದ ಹಾಗೇ ಆಗುತ್ತಿತ್ತು.

ರಜೆಯ ಮೂರನೆಯ ವಾರ ಬಂತೆಂದರೆ ಅವರು ಮನೆಯಲ್ಲಿ ಸುಮ್ಮನೆ ಅತ್ತಿತ್ತ ಓಡಾಡುತ್ತಿದ್ದರು. ಸಕ್ಕರೆ ಡಬ್ಬ ಎಲ್ಲಿ ಎಂದು ಕೇಳುವುದು, ಕೇಳಿ ಸಂಕೋಚಪಡುವುದು. ಕುರ್ಚಿಯಲ್ಲಿ ಕುಳಿತರೆ ಅಮ್ಮ ಬಂದಾಗ ಎದ್ದು ನಿಲ್ಲುವುದು. ಅಮ್ಮನಿಗೆ ಅಳಿಯನ ಮೇಲೆ ಪ್ರೀತಿಯೇ, ಆದರೆ ಅದು ನೆಂಟರ ಮೇಲಿನ ಪ್ರೀತಿ. ಸ್ಟೀಲ್ ಲೋಟದ ಬದಲು ಗಾಜಿನ ಲೋಟದಲ್ಲಿ ಚಹಾ ಕೊಡುವಂಥದ್ದು. ನಾನು ರೇಗುತ್ತಿದ್ದೆ. ನಿಮ್ಮದೇ ಮನೆಯಲ್ಲಿ ಲೋಟ ತೊಳೆದು ಕವುಚಿಡುವುದು ಯಾಕೆ, ಇಡುವುದಾದರೂ ಸರಿಯಾದ ಜಾಗದಲ್ಲಿ ಯಾಕಿಡುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಎರಡು ಬೈಗುಳ. ಸಿಟ್ಟು ಬಂದರೆ ನನಗೆ ಎದುರಿಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ, ಹೊರಡುವ ಹಿಂದಿನ ದಿನ ಮಾತ್ರ ಎಲ್ಲವೂ ಕಾಣುತ್ತದೆ.

ಈ ಮೀನಿನ ಬಗ್ಗೆ ಅವರಿಗೆ ನಾನು ಹೇಳಿದ್ದು ಒಂದು ಪುಸ್ತಕಕ್ಕೆ ಸಾಕು. ಅವರಿಗೆ ಬಹಳ ಹಿಡಿಸಿದ್ದು ಅದರ ನೆನಪಿನ ಸಂಗತಿ. ಉಬ್ಬರದಲ್ಲಿ ಕಲ್ಲುಗಳೆಲ್ಲ ಮುಳುಗಿರುವಾಗ ಇದು ಹೊಂಡದಿಂದ ಹೊರಗೆ ಬಂದು ಸುತ್ತಾಡುತ್ತದೆ. ಎಲ್ಲಿ ತಗ್ಗು, ಎಲ್ಲಿ ದಿಣ್ಣೆ, ಎಲ್ಲಿ ಇನ್ನೊಂದು ಹೊಂಡ ಎಂಬುದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ನೀರು ಇಳಿದ ಮೇಲೆ ಹಕ್ಕಿಯೋ ಏಡಿಯೋ ಅಟ್ಟಿದರೆ ಹೊಂಡದಿಂದ ಹಾರುತ್ತದೆ. ಪಕ್ಕದ ಹೊಂಡ ಅದಕ್ಕೆ ಕಾಣುತ್ತಿರುವುದಿಲ್ಲ, ನಡುವೆ ಕಲ್ಲಿನ ಗೋಡೆ ಇರುತ್ತದೆ. ಆದರೂ ಬೀಳುವುದು ನೀರಿಗೇ. ನಾನೇ ಒಂದನ್ನು ಬಕೆಟಿನಲ್ಲಿ ಹಾಕಿ ಬಂಡೆಸಾಲಿನ ಆ ತುದಿಗೆ ಬಿಟ್ಟು ಬಂದಿದ್ದೆ. ಒಂದೆರಡು ಉಬ್ಬರ ಕಳೆಯುವಷ್ಟರಲ್ಲಿ ಆಸಾಮಿ ತನ್ನ ಹೊಂಡದಲ್ಲಿ, ತನ್ನ ಕಲ್ಲಿನ ಅಡಿಯಲ್ಲಿ, ಅದೇ ಮುನಿಸಿನ ಮುಖ ಹೊತ್ತು ಕುಳಿತಿತ್ತು. ಇದನ್ನು ಹೇಳಿದಾಗ ಅವರು, ಅದಕ್ಕೆ ಹೋಗಲಿಕ್ಕೆ ಒಂದು ಜಾಗ ಉಂಟಲ್ಲ ಎಂದರು.

ಇನ್ನೊಂದು ಸಂಗತಿ ಕೇಳಿ ನಕ್ಕಿದ್ದರು. ಈ ಮೀನಿನಲ್ಲಿ ಮನೆ ಗಂಡಿನದು. ಹೊಂಡದ ಬದಿಯಲ್ಲಿ ಒಂದು ಚಪ್ಪಟೆ ಕಲ್ಲು ಓರೆಯಾಗಿ ಕೂತಿದ್ದರೆ ಅದೇ ಸೂರು, ನಮ್ಮ ಕಡೆಯ ಮಾತಿನಲ್ಲಿ ಮಾಡು. ಹೆಣ್ಣು ಬರುತ್ತದೆ, ಆ ಕಲ್ಲಿನ ಒಳಮೈಗೆ, ಅಂದರೆ ಮಾಡಿಗೆ ಅಂಟುವ ಹಾಗೆ ಮೊಟ್ಟೆ ಇಡುತ್ತದೆ, ತನ್ನ ದಾರಿ ಹಿಡಿದು ಹೋಗುತ್ತದೆ. ಮೊಟ್ಟೆ ಒಡೆಯುವವರೆಗೂ ಗಂಡು ಅಲ್ಲೇ ಇದ್ದು ರೆಕ್ಕೆ ಬೀಸಿ ಗಾಳಿ ಹಾಕುತ್ತದೆ, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಮೊಟ್ಟೆ ಮಾಡಿನಲ್ಲಿ ಇರುವುದರಿಂದ ಮೇಲಿನಿಂದ ಬೀಳುವ ಕೆಸರು ಅದರ ಮೇಲೆ ಕೂರುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಸಮುದ್ರದ ತಳವೇ ಮೇಲೆ ಕೆಳಗೆ ಆಗುತ್ತದೆ. ಅದನ್ನು ತಾಳಿಕೊಳ್ಳದೆ ಇಲ್ಲಿ ಬಾಳಲಿಕ್ಕಾಗುವುದಿಲ್ಲ. "ಹಾಗಾದ್ರೆ ಮುಂದಿನ ಜನ್ಮಕ್ಕೆ ನಾನು ಅದೇ ಆಗ್ತೇನೆ. ಒಂದು ಕಲ್ಲಾದ್ರೂ ನನ್ನ ಹೆಸರಿಗೆ ಇರ್ತದೆ" ಎಂದರು. ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಫೋನಿಟ್ಟ ಮೇಲೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಕಳೆದ ಮಳೆಗಾಲದಲ್ಲಿ ಬಂದಾಗ ಅವರು ಮಾತು ಕೊಟ್ಟರು, ಇದೇ ಕೊನೆಯ ಕಾಂಟ್ರಾಕ್ಟ್, ಆಮೇಲೆ ಊರಿನಲ್ಲೇ ಇರುತ್ತೇನೆ ಎಂದು. ಪಡೀಲಿನ ಅಕ್ಕನ ಮುಂದೆಯೂ ಹೇಳಿದರು, ಅಮ್ಮನ ಮುಂದೆಯೂ ಹೇಳಿದರು. ನಾನು ನಂಬಿದೆ, ಆದರೆ ನಂಬಿದ್ದೇನೆ ಎಂದು ತೋರಿಸಲಿಲ್ಲ. ಅವರು ಹೋದ ಮೇಲೆ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿದೆ. ಮತ್ತೆ ಒಂದು ವಾರಕ್ಕೆ ನನ್ನದೇ ಸೀರೆಗಳು ಅಲ್ಲಿಗೆ ಬಂದು ಕೂತವು. ಅವನ್ನು ತೆಗೆದು ಮತ್ತೆ ಖಾಲಿ ಮಾಡಿದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಫೋನಿನಲ್ಲಿ ಅವರ ದನಿ ಬೇರೆಯೇ ಇತ್ತು. ಹಡಗು ಪಣಂಬೂರಿನ ಬಂದರಿಗೆ ಬರ್ತದೆ ಎಂದರು. ಇಷ್ಟು ವರ್ಷ ಊರೂರು ಸುತ್ತಿದ ಹಡಗು ನಮ್ಮ ಊರಿನ ಕಾಲುವೆಯ ಹೂಳೆತ್ತಲಿಕ್ಕೇ ಬರುತ್ತಿತ್ತು, ಅದೂ ಕಲ್ಲುಗಳು ಕಾಣುವ ಕಾಲದಲ್ಲಿ. ನಾನು ಏನು ಹೇಳಿದೆನೋ ನೆನಪಿಲ್ಲ. ಮನೆಗೆ ಬಂದು ಅಮ್ಮನನ್ನು ಸುಮ್ಮಸುಮ್ಮನೆ ಬೈದೆನಂತೆ. ಸಂತೋಷವಾದರೂ ನನಗೆ ಬರುವುದು ಸಿಟ್ಟೇ.

ಹಡಗು ಬಂತು. ಕಾಲೇಜಿಗೆ ಹೋಗುವ ಬಸ್ಸು ಬೈಕಂಪಾಡಿ ದಾಟುವಾಗ ಶೆಡ್ಡುಗಳ ಸಂದಿಯಲ್ಲಿ ಅದು ಕಾಣುತ್ತದೋ ಎಂದು ಕುತ್ತಿಗೆ ಉದ್ದ ಮಾಡುತ್ತಿದ್ದೆ. ಬಸ್ಸಿನಿಂದ ಕಾಣುವುದಿಲ್ಲ. ಕಲ್ಲಿನ ಮೇಲೆ ನಿಂತರೆ ಕಾಣುತ್ತಿತ್ತು, ತೆಂಕು ಬದಿಗೆ, ಮಂಜಿನಲ್ಲಿ, ತುಂಬಿದ ಹೊಟ್ಟೆ ಹೊತ್ತು ಪಡುವಣಕ್ಕೆ ಹೋಗುವುದು, ಹಗುರಾಗಿ ಬರುವುದು. ಅವರಿಗೆ ಪಾಳಿಯ ಮೇಲೆ ಪಾಳಿ. ಬಿಡುವು ಸಿಕ್ಕಿದರೆ ಹೇಳುತ್ತೇನೆ ಎನ್ನುತ್ತಿದ್ದರು. ಮಸ್ಕತ್ತಿನಲ್ಲಿದ್ದಾಗ ಅವರು ದೂರ ಇದ್ದಾರೆ ಎಂದು ನನಗೆ ಗೊತ್ತಿತ್ತು, ಹೇಗೋ ಬದುಕುತ್ತಿದ್ದೆ. ಕಣ್ಣಿಗೆ ಕಾಣುವ ದೂರವನ್ನು ತಡೆದುಕೊಳ್ಳಲಿಕ್ಕೆ ಆಗಲಿಲ್ಲ. ಹೊಂಡದ ಬಳಿ ಕುಳಿತು ಹಡಗನ್ನು ನೋಡುತ್ತಾ ಅವರೊಡನೆ ಫೋನಿನಲ್ಲಿ ಮಾತಾಡುತ್ತಾ ಅತ್ತಿದ್ದೇನೆ.

ಆ ವರ್ಷ ಮಳೆಯೂ ಬಿಡಲಿಲ್ಲ. ಕಾರ್ತಿಕ ಕಳೆದರೂ ಹೊಳೆಗಳು ಕೆಂಪಾಗಿಯೇ ಹರಿದವು. ಒಂದು ಬೆಳಗ್ಗೆ ಕಲ್ಲಿಗೆ ಹೋಗುತ್ತೇನೆ, ನೀರು ಕಲಸಿದ ಚಹಾದ ಬಣ್ಣ. ಅದರ ಮುಂದಿನ ವಾರ ಹೊಂಡವೇ ಇರಲಿಲ್ಲ. ಇದ್ದ ಜಾಗದಲ್ಲಿ ಬೂದು ಕೆಸರು ನುಣ್ಣಗೆ, ಸೆಗಣಿ ಸಾರಿಸಿದ ಅಂಗಳದ ಹಾಗೆ ಸಪಾಟಾಗಿತ್ತು. ಚಪ್ಪಟೆ ಕಲ್ಲಿನ ಒಂದು ಮೂಲೆ ಮಾತ್ರ ಮೇಲೆ ಇಣುಕುತ್ತಿತ್ತು. ಈ ಮೀನಿನ ಹೊಟ್ಟೆಯಡಿ ಎರಡು ರೆಕ್ಕೆಗಳು ಸೇರಿ ಒಂದು ಬಟ್ಟಲಾಗಿದೆ, ಅದರಿಂದಲೇ ಅದು ಕಲ್ಲಿಗೆ ಕಚ್ಚಿ ಹಿಡಿಯುವುದು, ತೆರೆ ಬಡಿದರೂ ಬಿಡುವುದಿಲ್ಲ. ಆದರೆ ಕಲ್ಲಿನ ಮೇಲೆ ಕೆಸರು ಕೂತರೆ ಆ ಬಟ್ಟಲು ಹಿಡಿಯುವುದಿಲ್ಲ, ಜಾರುತ್ತದೆ. ತಾಳಿಕೊಳ್ಳುವ ಶಕ್ತಿಗೂ ಒಂದು ತಳ ಬೇಕು.

ಆಗ ಹೊಂಡದಲ್ಲಿದ್ದವನಿಗೆ ಬಾಲದ ಮೇಲಂಚಿನಲ್ಲಿ ಒಂದು ಕಚ್ಚು ಇತ್ತು, ಏಡಿ ಕಚ್ಚಿದ್ದಿರಬೇಕು. ಹರಿದ ಜಾಗ ಸರಿಯಾಗಿ ಕೂಡಿರಲಿಲ್ಲ. ಎರಡು ಚಳಿಗಾಲದಿಂದ ಅವನ ಗುರುತು ಅದೇ, ಅವರಿಗೂ ಹೇಳಿದ್ದೆ. ಸುತ್ತಲಿನ ಹೊಂಡಗಳಲ್ಲಿ ಹುಡುಕಿದೆ. ಅರ್ಧಕ್ಕರ್ಧ ಅವೂ ತುಂಬಿದ್ದವು. ಬಾಲ ಹರಿದವ ಎಲ್ಲೂ ಇರಲಿಲ್ಲ.

ಅವರಿಗೆ ಬಿಡುವು ಸಿಕ್ಕಿದ್ದು ಸರಿಯಾಗಿ ಅದೇ ವಾರದ ಭಾನುವಾರ. ಹೊತ್ತು ನೋಡಿಯೇ ಬಂದಿದ್ದರು, ನೀರು ಇಳಿಯುತ್ತಿತ್ತು. ಮನೆಗೂ ಹೋಗದೆ ನೇರ ದೀಪಸ್ತಂಭದ ಬುಡಕ್ಕೆ ರಿಕ್ಷಾದಲ್ಲಿ ಇಳಿದರು, ಒಗೆದ ಬಿಳಿ ಅಂಗಿ, ಕೈಯಲ್ಲಿ ಅಮ್ಮನಿಗೆಂದು ಬಿಸ್ಕೂಟಿನ ಪೊಟ್ಟಣ. ಇಪ್ಪತ್ತು ವರ್ಷದಿಂದ ಕಾದ ದಿನ. ನಾನು ಕೈ ಹಿಡಿದು ಕಲ್ಲು ದಾಟಿಸಿ ಕರೆದುಕೊಂಡು ಹೋಗಿ, ಕೆಸರು ತೋರಿಸಿದೆ. ಇದೇ ಎಂದೆ.

ಅವರು ಕುಕ್ಕರಗಾಲಿನಲ್ಲಿ ಕುಳಿತು ಎರಡು ಬೆರಳಲ್ಲಿ ಕೆಸರನ್ನು ತೆಗೆದು ಉಜ್ಜಿದರು. ನನಗೆ ಅದು ಸಾಕಾಯಿತು. ಅಷ್ಟು ದಿನದ ಬಯಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು. "ಎಂತ ನೋಡುದು? ನಿಮ್ಮದೇ ಮಣ್ಣು. ಲೋಕದ ಬಂದರೆಲ್ಲ ಕೆರೆದು ತಂದು ನನ್ನ ಹೊಂಡಕ್ಕೆ ಸುರಿದಿದ್ದೀರಿ" ಎಂದೆ. ಅವರು ಮೆಲ್ಲಗೆ, ಮಳೆ ಬಿಡಲೇ ಇಲ್ಲ, ಹೊಳೆಯ ಮಣ್ಣೂ ಹೀಗೇ ಇರುತ್ತದೆ, ನಮ್ಮದೂ ಹೀಗೇ ಇರುತ್ತದೆ, ನೀರಿಗೆ ಬಿದ್ದ ಮೇಲೆ ಯಾರದ್ದು ಎಂದು ಹೇಳಲಿಕ್ಕಾಗುವುದಿಲ್ಲ ಎಂದರು. ಅದು ನಿಜ. ನನಗೂ ಗೊತ್ತಿತ್ತು, ನನ್ನ ವಿದ್ಯಾರ್ಥಿ ಹೇಳಿದ್ದರೆ ಭೇಷ್ ಎನ್ನುತ್ತಿದ್ದೆ. ಆದರೆ ಗಂಡನ ಬಾಯಿಂದ ನ್ಯಾಯ ಕೇಳಲಿಕ್ಕೆ ನಾನು ಅಲ್ಲಿ ನಿಂತಿರಲಿಲ್ಲ. ಇನ್ನೂ ನಾಲ್ಕು ಮಾತು ಸೇರಿಸಿ ಆಡಿದೆ.

ಅವರು ಎದ್ದು ಹೋಗಿ ಮರಳದಂಡೆಯಿಂದ ಒಂದು ತೆಂಗಿನ ಗೆರಟೆ ಹುಡುಕಿ ತಂದರು. ಬಿಳಿ ಅಂಗಿಯ ತೋಳು ಮಡಚಿ, ಹೊಟ್ಟೆ ಕಲ್ಲಿಗೆ ತಾಗುವ ಹಾಗೆ ಮಲಗಿ, ಗೆರಟೆಯಲ್ಲಿ ಕೆಸರು ಗೋರಿ ಗೋರಿ ಹೊರಗೆ ಹಾಕಲಿಕ್ಕೆ ಶುರುಮಾಡಿದರು. ಅಷ್ಟು ದೊಡ್ಡ ಹಡಗಿನ ಪೈಪು ಇಳಿಸುವ ಕೈ. ನಾನು ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡು ನಿಂತೆ, ಆಮೇಲೆ ಬಕೆಟು ತಂದು ನೀರು ಹೊಯ್ದೆ. ಅವರ ಅಂಗಿ ಬೂದಾಯಿತು.

ಅವರಿಗೆ ಅವರದೇ ಅಭ್ಯಾಸ. ತಳ ಸಮ ಮಾಡಿದರು, ಅಂಚನ್ನು ಕೆರೆದು ನೇರ ಮಾಡಿದರು, ನಡುವೆ ಅಡ್ಡ ಇದ್ದ ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಕಿತ್ತು ಹೊರಗೆ ಎಸೆದರು. ನಾನು ಕಿರುಚಿದೆ. "ಅದು ಅವನ ಮಾಡು! ಇದರಲ್ಲಿ ಹಡಗು ಹೋಗ್ಲಿಕ್ಕಿಲ್ಲ ಮಾರಾಯ್ರೆ!" ಅವರು ಬೆದರಿ ಕಲ್ಲನ್ನು ಎತ್ತಿ ತಂದರು. ಹೇಗಿತ್ತು, ಯಾವ ಬದಿ ಮೇಲೆ, ಎಷ್ಟು ಓರೆ ಎಂದು ಕೇಳಿದರು. ಒಮ್ಮೆ ಇಟ್ಟರು, ನಾನು ಅಲ್ಲ ಎಂದೆ. ಇನ್ನೊಮ್ಮೆ ಇಟ್ಟರು. ಅವರು ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದರೆ ನಾನು ಸಣ್ಣ ಕಲ್ಲು ಸಂದಿಗೆ ತುರುಕಿದೆ. ಆ ಹೊತ್ತಿಗೆ ನಮಗೆ ನಗು ಬಂತು. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಮಾಡು ಇಟ್ಟ ಮನೆ ಅದೊಂದೇ.

ಕೈ ತೊಳೆಯುವಾಗ ಅವರು ಹೇಳಿದರು, ಕಂಪೆನಿ ಇನ್ನೊಂದು ಕಾಂಟ್ರಾಕ್ಟ್ ಕೊಟ್ಟಿದೆ, ಆಫ್ರಿಕದ ಕಡೆ. ಅವರು ಕೊಟ್ಟ ಮಾತನ್ನು ನಾನು ನೆನಪಿಸಿದೆ. ಅವರು ನನ್ನನ್ನು ನೋಡಲಿಲ್ಲ, ಹೊಂಡವನ್ನು ನೋಡಿದರು. "ಇಲ್ಲಿ ಇದ್ದು ನಾನು ಎಂತ ಮಾಡ್ಲಿ? ಪಡೀಲಿಗೆ ಹೋದ್ರೆ ಅಕ್ಕನ ಮನೆ, ಇಲ್ಲಿ ನಿನ್ನ ಅಮ್ಮನ ಮನೆ. ಸಕ್ಕರೆ ಡಬ್ಬ ಎಲ್ಲುಂಟು ಅಂತ ಕೇಳಿಯೇ ನನ್ನ ಆಯುಷ್ಯ ಹೋಯ್ತು. ನನ್ನದು ಅಂತ ಇದ್ದದ್ದು ಇದೊಂದು ಹೊಂಡ. ಇದಕ್ಕೂ ನಾನೇ ಮಣ್ಣು ಹಾಕಿದೆ."

ನೀವಲ್ಲ, ಮಳೆ ಎಂದೆ. ಈಗ ಹೇಳಿದರೆ ಏನು ಬಂತು.

"ನಮ್ಮವ ವಾಪಸ್ ಬಂದ್ರೆ ಹೇಳು. ಅವ ಬಂದ್ರೆ ನಾನೂ ಬರ್ತೇನೆ. ಮತ್ತೆ ಹೋಗುದಿಲ್ಲ." ನಗುತ್ತಾ ಹೇಳಿದಂತಿತ್ತು, ಆದರೆ ನಗುವ ಮುಖ ಅಲ್ಲ ಅದು. ನಿಮ್ಮ ಹಣೆಬರಹವನ್ನು ಮೀನಿನ ತಲೆಗೆ ಕಟ್ಟಬೇಡಿ ಎಂದು ರೇಗಿದೆ. ಉಬ್ಬರ ಶುರುವಾಗಿತ್ತು. ಸಂಜೆಯ ಪಾಳಿಗೆ ಹೋಗಬೇಕಿತ್ತು. ಕೆಸರಿನ ಅಂಗಿಯಲ್ಲೇ ರಿಕ್ಷಾ ಹತ್ತಿದರು, ಬಿಸ್ಕೂಟಿನ ಪೊಟ್ಟಣ ನನ್ನ ಕೈಯಲ್ಲಿ ಉಳಿಯಿತು.

ಕೆಲಸ ಮುಗಿಸಿ ಹಡಗು ಹೋಯಿತು. ಹಡಗಿನ ಜೊತೆ ಅವರೂ ಹೋದರು. ಅಳಿಯ ಬಂದಾನೆಂದು ಕೆಳಗಿಳಿಸಿದ್ದ ಗಾಜಿನ ಲೋಟವನ್ನು ಅಮ್ಮ ತೊಳೆದು ಕಪಾಟಿನ ಮೇಲಿಟ್ಟರು. ನಾನು ಅದನ್ನು ತೆಗೆದು ಸ್ಟೀಲ್ ಲೋಟಗಳ ಜೊತೆಗೆ ಅಡುಗೆಮನೆಯಲ್ಲಿಟ್ಟೆ.

ಆಮೇಲೆ ನಾನು ಕಲ್ಲಿಗೆ ಹೋಗದ ಇಳಿತವಿಲ್ಲ. ಸಮುದ್ರದ ತಳ ಕಲಕಿದ ಮೇಲೆ ಜೀವ ಹೇಗೆ ಮರಳುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಕಾಯುತ್ತಾ ಕುಳಿತು ನೋಡಿದ್ದು ಇದೇ ಮೊದಲು. ಮೊದಲು ಕಲ್ಲಿಗೆ ಹಸಿರು ಲೋಳೆ ಕಟ್ಟಿತು. ಅದನ್ನು ಮೇಯಲಿಕ್ಕೆ ಸಣ್ಣ ಶಂಖದ ಹುಳುಗಳು ಬಂದವು. ಶಂಖ ಖಾಲಿಯಾದ ಕೂಡಲೇ ಬಾಡಿಗೆ ಏಡಿಗಳು ಬಂದು ಸೇರಿಕೊಂಡವು, ಅವುಗಳಿಗೆ ಮನೆಯ ಚಿಂತೆಯೇ ಇಲ್ಲ, ಸಿಕ್ಕಿದ ಚಿಪ್ಪೇ ಮನೆ. ಗಾಜಿನಂಥ ಸೀಗಡಿ ಮರಿಗಳು ಬಂದವು. ಅಲೆಗಳು ಉಳಿದ ಕೆಸರನ್ನು ದಿನಾ ಸ್ವಲ್ಪ ಸ್ವಲ್ಪ ತೊಳೆದು ಒಯ್ದವು. ಅವರು ನೇರ ಮಾಡಿದ್ದ ಅಂಚು ಹಾಗೇ ಇತ್ತು. ಮಾಡಿನ ಕಲ್ಲೂ ಅಲುಗಲಿಲ್ಲ. ಅದರ ಕೆಳಗೆ ಮಾತ್ರ ಯಾರೂ ಇರಲಿಲ್ಲ.

ಫೋನು ಬರುತ್ತಿತ್ತು, ಇಳಿತದ ಹೊತ್ತಿಗೆ ಸರಿಯಾಗಿ. ನಮ್ಮವ ಹೇಗಿದ್ದಾನೆ ಎಂಬ ಮೊದಲಿನ ಪ್ರಶ್ನೆಯನ್ನು ಅವರು ಕೇಳುವುದನ್ನೇ ಬಿಟ್ಟಿದ್ದರು. ಅಮ್ಮ ಹೇಗಿದ್ದಾರೆ, ಮಗಳು ಫೋನು ಮಾಡಿದಳಾ, ಊಟ ಆಯ್ತಾ. ಮದುವೆಯಾದ ಹೊಸದರ ಹವಾಮಾನ ವರದಿ ಮತ್ತೆ ಶುರುವಾಗಿತ್ತು. ಈ ಸಲ ಅಂಗಳದಲ್ಲಿ ಅಮ್ಮ ಇರಲಿಲ್ಲ, ನಮ್ಮಿಬ್ಬರ ನಡುವೆ ಒಂದು ಖಾಲಿ ಹೊಂಡ ಇತ್ತು. ನನಗೆ ಅವರು ಬೇಕಿತ್ತು. ಫೋನಿನಲ್ಲಿ ಅಲ್ಲ. ಲೋಟ ತಪ್ಪು ಜಾಗದಲ್ಲಿ ಇಟ್ಟು ಬೈಸಿಕೊಳ್ಳಲಿಕ್ಕೆ ಬೇಕಿತ್ತು. ಅದನ್ನು ಹೇಳಲಿಕ್ಕೆ ಬಾಯಿ ತೆರೆದರೆ, ಮಳೆ ಇಲ್ಲ, ಸೆಖೆ ಎನ್ನುತ್ತಿದ್ದೆ.

ಆ ದಿನಗಳಲ್ಲೇ ತರಗತಿಯಲ್ಲಿ ಈ ಪಾಠ ಬಂತು. ಒಂದು ಜಾಗ ಚೇತರಿಸಿಕೊಂಡಿದೆ ಎಂದು ಯಾವಾಗ ಹೇಳುತ್ತೇವೆ? ಮೊದಲಿದ್ದ ಜಾತಿಗಳೆಲ್ಲ ಮತ್ತೆ ಬಂದು ನೆಲೆಸಿದಾಗ. ಒಬ್ಬಳು ವಿದ್ಯಾರ್ಥಿನಿ ಎದ್ದು, ಮೊದಲಿದ್ದ ಮೀನೇ ಬರಬೇಕೆಂದಿಲ್ಲವಾ ಎಂದು ಕೇಳಿದಳು. ಇಲ್ಲ ಎಂದೆ. ಅದರ ಮರಿಗಳು ಹುಟ್ಟಿದ ಕೂಡಲೇ ನಡುಸಮುದ್ರಕ್ಕೆ ಹೋಗಿ ತೇಲುತ್ತವೆ, ಬೆಳೆದು ಯಾವುದೋ ದಡಕ್ಕೆ ಬಂದು ಬೀಳುತ್ತವೆ, ಹಾಗಾಗಿ ಖಾಲಿಯಾದ ಹೊಂಡ ತುಂಬುವುದು ಬೇರೆಲ್ಲಿಂದಲೋ ಬಂದವರಿಂದ, ಈ ಮೀನು ಇಷ್ಟು ಗಟ್ಟಿ ಎನಿಸಿಕೊಂಡದ್ದೇ ಅದರಿಂದ ಎಂದು ವಿವರಿಸಿದೆ. "ಅದೇ ಮೀನು" ಎಂದು ಗುರುತಿಲ್ಲದೆ ಯಾರಾದರೂ ಬರೆದರೆ ನಾನು ಅಂಕ ಕಳೆಯುತ್ತೇನೆ ಎಂದೂ ಸೇರಿಸಿದೆ. ಅವಳು ಬರೆದುಕೊಂಡಳು.

ಮಾವಿನ ಮಿಡಿ ಉಪ್ಪಿಗೆ ಹಾಕುವ ಕಾಲ. ಒಂದು ಮಧ್ಯಾಹ್ನ ನೀರು ಬಹಳ ಕೆಳಗೆ ಇಳಿದಿತ್ತು. ಹೊಂಡಕ್ಕೆ ಬಗ್ಗಿ ನೋಡಿದೆ. ಮಾಡಿನ ಕೆಳಗಿನ ನೆರಳಲ್ಲಿ ಎರಡು ಕಣ್ಣು. ಮೀನು ಸ್ವಲ್ಪ ಮುಂದೆ ಬಂತು, ದೊಡ್ಡ ತಲೆ, ಉಬ್ಬಿದ ಕೆನ್ನೆ, ಅದೇ ಮುನಿಸು. ನನ್ನನ್ನು ನೋಡಿ ಹಿಂದೆ ಸರಿಯಲಿಲ್ಲ, ನಮ್ಮ ಮನೆಗೆ ನೀನ್ಯಾರು ಬರಲಿಕ್ಕೆ ಎಂಬಂತೆ ನಿಂತಿತು. ಆಮೇಲೆ ಪಕ್ಕಕ್ಕೆ ಹೊರಳಿತು. ಬಾಲ ಅರಳಿತು. ಎಳೆಯ ಬಾಲ, ಅಂಚಿನಲ್ಲಿ ಒಂದು ಕಚ್ಚೂ ಇಲ್ಲ.

ಅಷ್ಟರಲ್ಲಿ ಫೋನು ಬಂತು.

ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ನಾನು ಹೊಂಡಕ್ಕೆ ಇನ್ನಷ್ಟು ಬಗ್ಗಿದೆ. ಏನ್ಮಾಡ್ತಿದ್ದಿ ಎಂದರು. ಹೊಂಡ ನೋಡ್ತಿದ್ದೇನೆ ಎಂದೆ. ಆಚೆ ಬದಿಯಲ್ಲಿ ಎಂಜಿನಿನ ಸದ್ದು, ಯಾರೋ ಯಾರನ್ನೋ ಕರೆಯುವುದು.

"ಉಂಟಾ?" ಎಂದರು.

"ಉಂಟು."

"ಅವನೇನಾ?"

ಇಷ್ಟು ವರ್ಷ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದವಳು. ಗಂಡನ ಹತ್ತಿರವೂ, ನಮ್ಮವನಲ್ಲ, ಇವ ಹೊಸಬ ಎಂದು ತಿದ್ದಿದವಳು.

"ಅವನೇ" ಎಂದೆ.

ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಬಾಲ ನೋಡಿದ್ದೀಯಾ ಎಂದರು. ನೋಡಿದ್ದೇನೆ ಎಂದೆ, ಅದು ಸುಳ್ಳಲ್ಲ. ಈ ಕಾಂಟ್ರಾಕ್ಟ್ ಜೂನಿಗೆ ಮುಗಿಯುತ್ತದೆ, ಮುಂದಿನದಕ್ಕೆ ಸಹಿ ಹಾಕುವುದಿಲ್ಲ ಎಂದರು. ನಾನು ಎಂದಿನ ದನಿಯಲ್ಲಿ, ಸಕ್ಕರೆ ಡಬ್ಬ ಗ್ಯಾಸಿನ ಎಡಬದಿಯ ಮೇಲಿನ ಅರೆಯಲ್ಲಿ ಉಂಟು, ನೆನಪಿಟ್ಟುಕೊಳ್ಳಿ, ಇನ್ನು ಕೇಳಿದರೆ ಹೇಳುವುದಿಲ್ಲ ಎಂದೆ.

ಮಳೆ ನಿಂತು ಕಲ್ಲು ಕಾಣುವಾಗ ಅವರು ಬಂದು ನೋಡುತ್ತಾರೆ, ಬಾಲ ಕಂಡರೆ ಗೊತ್ತಾಗುತ್ತದೆ. ಗೊತ್ತಾಗಲಿ. ಅದು ಗೊತ್ತಾಗಬೇಕಾದರೆ ಅವರು ನನ್ನ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ, ಹೊಂಡಕ್ಕೆ ಬಗ್ಗಿ ಕುಳಿತಿರಬೇಕು.